ಕುದುರೆಬಾಲದ ಟೊಪ್ಪಿಗೆ

ದಾವಲಸಾಬ್ ಚಾಚಾ ನನ್ನ ಮುಖವನ್ನು ಸರಿಯಾಗಿ ನೋಡಿದ ನೆನಪು ನನಗಿಲ್ಲ. ಅದು ನೋಡಲೇಬೇಕಾದಂಥ ಮುಖವೂ ಅಲ್ಲ, ಆ ಮಾತು ಬೇರೆ. ಆದರೆ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎದುರಿಗೆ ದೊಡ್ಡ ಸಾಹೇಬರು ಬಂದು ನಿಂತರೂ ಅಷ್ಟೆ, ಹಾಲು ಹಾಕುವವ ಬಂದು ನಿಂತರೂ ಅಷ್ಟೆ. ಚಾಚಾನ ಕಣ್ಣು ಹುಬ್ಬಿನಿಂದ ಸರ್ರನೆ ಮೇಲೇರಿ ನೆತ್ತಿಯ ಮೇಲೆ ಹೋಗಿ ಕೂತುಬಿಡುತ್ತಿತ್ತು. ಆಮೇಲಿನ ಮಾತುಕತೆಯೆಲ್ಲ ನೆತ್ತಿಯ ಜೊತೆಗೇ. ಹೊಸಬರು ತಲೆಯ ಮೇಲೆ ಹಲ್ಲಿ ಬಿದ್ದಿದೆಯೇನೋ ಎಂದು ಕೈಯಾಡಿಸಿಕೊಳ್ಳುತ್ತಿದ್ದರು. ಉಳಿದ ಜನ "ಆರಾಮ ಅದೀರೇನ್ರಿ" ಎಂದು ಕೇಳುವ ಜಾಗದಲ್ಲಿ ಚಾಚಾ ಕೇಳುತ್ತಿದ್ದದ್ದು, "ಎಲ್ಲಿ, ತಲಿ ತೋರಸು."

ತೋರಿಸಿದರೆ ಹೆಬ್ಬೆರಳಿನಿಂದ ಕೂದಲು ಸೀಳಿ ಸುಳಿ ಹುಡುಕುತ್ತಿದ್ದರು. ಜನರ ಹೆಸರು ಮರೆಯುತ್ತಿದ್ದರು, ಸುಳಿ ಮರೆಯುತ್ತಿರಲಿಲ್ಲ. "ಎಡಸುಳಿ ಬಂದಿದ್ದ, ಎರಡ ಮೀಸಿ ಒಯ್ದಾನ" ಎಂದರೆ ಅಳವಂಡಿಯ ನಾಟಕದ ಮಾಸ್ತರರು ಬಂದುಹೋಗಿದ್ದಾರೆ ಎಂದು ನಾವು ತಿಳಿದುಕೊಳ್ಳಬೇಕು. "ಮಾರಿ ಸುಳ್ಳ ಹೇಳತೈತಿ ಬೇಟಾ, ತಲಿ ಹೇಳಂಗಿಲ್ಲ. ತಲಿ ವಿಷಯದಾಗ ನಾನೂ ಸುಳ್ಳ ಹೇಳಂಗಿಲ್ಲ" ಎನ್ನುವುದು ಅವರು ದಿನಕ್ಕೊಮ್ಮೆಯಾದರೂ ಆಡುತ್ತಿದ್ದ ಮಾತು. ತಲೆಗಳ ವಿಷಯದಲ್ಲಿ ಅವರ ಸಾಕ್ಷಿಯನ್ನು ಊರು ಪ್ರಮಾಣವೆಂದು ಒಪ್ಪಿತ್ತು.

ಕೊಪ್ಪಳಕ್ಕೆ ಅಂಟಿಕೊಂಡ ನಮ್ಮ ಭಾಗ್ಯನಗರದಲ್ಲಿ ಇಂಥ ಮನುಷ್ಯ ಇದ್ದದ್ದು ಆಶ್ಚರ್ಯವೇನಲ್ಲ. ಇಲ್ಲಿಯ ಬೆಳೆಯೇ ಕೂದಲು. ಊರೂರಿನ ಹೆಣ್ಣುಮಕ್ಕಳ ಬಾಚಣಿಕೆಯಿಂದ ಉದುರಿದ್ದು ಚೀಲಗಟ್ಟಲೆ ಬಂದು ಬೀಳುತ್ತದೆ. ಓಣಿಯ ಕಟ್ಟೆಗಳ ಮೇಲೆ ಕೂತು ಸಿಕ್ಕು ಬಿಡಿಸುತ್ತಾರೆ, ಉದ್ದ ಅಳೆಯುತ್ತಾರೆ, ಕಟ್ಟು ಕಟ್ಟಿ ದೂರದೇಶಕ್ಕೆ ಕಳಿಸುತ್ತಾರೆ. ಬೇರೆ ಊರಿನಲ್ಲಿ ಚಹಾದಲ್ಲಿ ಕೂದಲು ಸಿಕ್ಕರೆ ಜಗಳವಾಗುತ್ತದೆ. ನಮ್ಮಲ್ಲಿ "ಎಷ್ಟ ಇಂಚ ಐತಿ?" ಎಂದು ಕೇಳುತ್ತಾರೆ. ಚಾಚಾ ಮಾತ್ರ ಕೂದಲನ್ನು ದೂರದೇಶಕ್ಕೆ ಕಳಿಸದೆ ಸುತ್ತಲಿನ ಹಳ್ಳಿಗಳ ನಾಟಕಕ್ಕೆ ಕಳಿಸುತ್ತಿದ್ದರು. ಋಷಿಗಳ ಜಟೆ, ದುರ್ಯೋಧನನ ಮೀಸೆ, ಖಳನಾಯಕನ ಗುಂಗುರು, ಎಲ್ಲವೂ ಅವರ ಅಂಗಡಿಯ ಗೋಡೆಯ ಮೊಳೆಗಳಿಗೆ ತೂಗುತ್ತಿದ್ದವು. ಫ್ಯಾನು ಹಾಕಿದರೆ ಇಡೀ ಮಹಾಭಾರತ ತಲೆಯಾಡಿಸುತ್ತಿತ್ತು.

ಇಷ್ಟು ತಲೆ ನೋಡಿದವರ ತಲೆಯನ್ನು ಮಾತ್ರ ಯಾರೂ ನೋಡಿರಲಿಲ್ಲ. ಬಿಳಿ ನೂಲಿನ ಹೆಣೆದ ಟೊಪ್ಪಿಗೆ ಅವರ ಚರ್ಮದ ಭಾಗವೇ ಆಗಿತ್ತು. "ಸ್ನಾನಕ್ಕೂ ಹಾಕ್ಕೊಂಡ ಹೋಗತಾರ, ಅಲ್ಲೇ ಒಗದ ಹಾಕ್ಕೊಂಡ ಬರತಾರ" ಎಂದು ಚಾಚಿ, ಅಂದರೆ ಅವರ ಹೆಂಡತಿ, ಒಳಗಿನಿಂದ ಹೇಳುತ್ತಿದ್ದರು. ಚಾಚಾ ಕೇಳಿಸದವರಂತೆ ಸೂಜಿಗೆ ಕೂದಲು ಪೋಣಿಸುತ್ತಿದ್ದರು.

ಇನ್ನು ನಾನು ಮಂಜುನಾಥ, ಊರಿಗೆ ಮಂಜ್ಯಾ. ಚಾಚಾನ ಅಂಗಡಿಯ ಎದುರಿಗೆ ಮೊಬೈಲಿಗೆ ಗಾಜು ಅಂಟಿಸುವ ಅಂಗಡಿ ನನ್ನದು. ಉಪಕಸುಬು ಮಂದಿಯ ದನಿ ಕದಿಯುವುದು. ಮದುವೆ ಆರತಕ್ಷತೆಗಳಲ್ಲಿ ಮೈಕು ಹಿಡಿದು ಯಲಬುರ್ಗಾ ಬಸ್ಸಿನ ಕಂಡಕ್ಟರು, ಬೀಗರ ಸಿಟ್ಟು, ನಾಯಿಗಳ ಜಗಳ, ಎಲ್ಲವನ್ನೂ ಮಾಡುತ್ತೇನೆ. ಜನ ನಗುತ್ತಾರೆ, ಊಟ ತಡವಾಗಿದ್ದರೆ ನಗುವುದಿಲ್ಲ. ಚಾಚಾನ ದನಿಯನ್ನೂ ಅವರೆದುರಿಗೇ ಮಾಡಿ ತೋರಿಸುತ್ತಿದ್ದೆ. ಅವರು ನನ್ನ ನೆತ್ತಿಯನ್ನು ನೋಡುತ್ತಾ, "ದನಿ ಬಂದೈತಿ, ಕೆಮ್ಮ ಬಂದಿಲ್ಲ. ನನ್ನ ಕೆಮ್ಮಿನಾಗ ಬೀಡಿ ಇಲ್ಲ, ಕೂದಲ ಐತಿ" ಎಂದು ತಿದ್ದುತ್ತಿದ್ದರು.

ಎಲ್ಲರ ದನಿ ನನ್ನ ಗಂಟಲಿನಲ್ಲಿದ್ದರೂ ನನ್ನ ನಸೀಬು ಮಾತ್ರ ನೆತ್ತಿಯಲ್ಲಿತ್ತು. ನನಗೆ ಎರಡು ಸುಳಿ. ಎರಡು ಸುಳಿಯವನಿಗೆ ಎರಡು ಮದುವೆ ಎಂದು ನಮ್ಮ ಕಡೆ ಕೂಸುಗಳಿಗೂ ಗೊತ್ತು. ಹೆಣ್ಣು ಕೊಡುವವರಿಗೆ ಅದು ತಮಾಷೆಯಲ್ಲ. ಎರಡನೆಯದು ಬರಬೇಕಾದರೆ ಮೊದಲನೆಯವಳಿಗೆ ಏನಾಗಬೇಕು ಎಂದು ಅವರು ಯೋಚಿಸುತ್ತಾರೆ. ಹಾಗಂತ ಬಾಯಿಬಿಟ್ಟು ಕೇಳುವುದಿಲ್ಲ. ಕನ್ಯಾ ನೋಡಲು ಹೋದಾಗ "ಹಿರ್ಯಾರಿಗೆ ನಮಸ್ಕಾರ ಮಾಡಪಾ ತಮ್ಮಾ" ಎನ್ನುತ್ತಾರೆ. ನೀವು ಸಂಸ್ಕಾರವಂತರಂತೆ ಬಗ್ಗುತ್ತೀರಿ. ಆಶೀರ್ವಾದದ ಕೈ ತಲೆಯ ಮೇಲೆ ಬರುತ್ತದೆ, ಬೆರಳು ಕೂದಲು ಸರಿಸುತ್ತದೆ, ಎಣಿಕೆ ಮುಗಿಯುತ್ತದೆ. ನೀವು ಏಳುವಷ್ಟರಲ್ಲಿ ಚಹಾ ತಣ್ಣಗಾಗಿರುತ್ತದೆ. ಯಲಬುರ್ಗಾದಲ್ಲಿ ಹೀಗಾಯಿತು. ಕುಷ್ಟಗಿಯಲ್ಲಿ ಬಗ್ಗಲೇಬಾರದೆಂದು ಸೊಂಟನೋವಿನವನಂತೆ ನಟಿಸಿದೆ. ಸೊಂಟ ಗಟ್ಟಿಯಿಲ್ಲದ ಹುಡುಗ ಬೇಡವೆಂದರು.

ಆ ಹೊತ್ತಿಗೆ ಚಾಚಾನ ಅಂಗಡಿಗೆ ಕೊರಿಯಾ ಬಂದಿತ್ತು. ಮೊಮ್ಮಗಳು ಶಬಾನಾ ಕಾಲೇಜು ಮುಗಿಸಿ ಬಂದು ಅಂಗಡಿಯ ಮೂಲೆಯಲ್ಲಿ ಮೊಬೈಲಿನಲ್ಲಿ ಕೊರಿಯಾದ ರಾಜರ ಕಾಲದ ಸೀರಿಯಲ್ಲು ನೋಡುತ್ತಿದ್ದಳು. ಚಾಚಾ ಅವಳ ಹೆಗಲ ಮೇಲಿಂದ ಇಣುಕುತ್ತಿದ್ದರು. ಪರದೆಯ ಮೇಲೆ ಒಬ್ಬ ಅಳುತ್ತಾ ಸಾಯುತ್ತಿದ್ದ. ಶಬಾನಾ ಮೂಗು ಒರೆಸಿಕೊಳ್ಳುತ್ತಿದ್ದಳು. ಚಾಚಾ, "ಅಂವ ಸಾಯಲಿ ಬಿಡ, ಟೊಪ್ಪಿಗಿ ಸರಿಯಾಗಿ ತೋರಸು" ಎಂದರು.

ಅದು ಅಗಲ ಅಂಚಿನ ಕರಿ ಟೊಪ್ಪಿಗೆ. ನಡುವೆ ಮಡಕೆಯಂಥ ಎತ್ತರದ ಭಾಗ. ಜಾಳಿಗೆಯಷ್ಟು ತೆಳು. ಒಳಗೆ ನೆತ್ತಿಯ ಮೇಲೆ ಕಟ್ಟಿದ ಜುಟ್ಟು, ಅದಕ್ಕೆ ಚುಚ್ಚಿದ ಕಡ್ಡಿ, ಹಣೆಗೆ ಬಿಗಿದ ಬಲೆಯಂಥ ಕರಿ ಪಟ್ಟಿ, ಎಲ್ಲವೂ ಹೊರಗೆ ಕಾಣುತ್ತಿದ್ದವು.

"ಅದಕ್ಕ ಗತ್ ಅಂತಾರ, ದಾದಾ. ಕುದರಿ ಕೂದಲದಾಗ ಮಾಡತಾರಂತ" ಎಂದಳು ಶಬಾನಾ.

ಚಾಚಾ ಮೊಬೈಲು ಕಸಿದು ಕಣ್ಣಿನ ಹತ್ತಿರ ಹಿಡಿದು ಟೊಪ್ಪಿಗೆಯನ್ನು ಮತ್ತೆ ಮತ್ತೆ ನೋಡಿದರು. ಆಮೇಲೆ ನನ್ನ ನೆತ್ತಿಗೆ ಹೇಳಿದರು: "ನೋಡ ಮಂಜ್ಯಾ. ನಮ್ಮ ಮಂದಿ ತಲಿ ಮುಚ್ಚಾಕ ಟೊಪ್ಪಿಗಿ ಹಾಕತಾರ. ಈ ಮಂದಿ ತಲಿ ತೋರಸಾಕ ಹಾಕತಾರ. ಎಷ್ಟ ಧೈರ್ಯ ಇರಬೇಕ ಅವರಿಗೆ."

ಅವತ್ತಿನಿಂದ ಅವರಿಗೆ ಕುದುರೆಯ ಕೂದಲಿನ ಹುಚ್ಚು ಹಿಡಿಯಿತು. ಮನುಷ್ಯರ ಕೂದಲಿನಿಂದ ಮಾಡಿದ್ದು ಮೆತ್ತಗಾಗಿ ಬಾಡಿದ ಬದನೆಕಾಯಿಯಂತೆ ಕೂತಿತು. ಕುದುರೆಯೇ ಬೇಕು. ಭಾಗ್ಯನಗರದಲ್ಲಿ ಇದ್ದದ್ದು ಒಂದೇ, ಮದುವೆ ಮೆರವಣಿಗೆಗೆ ವರನನ್ನು ಹೊರುವ ಬಿಳಿ ಕುದುರೆ ರಾಣಿ. ಮೈ ಬಿಳಿ, ಬಾಲ ಮಾತ್ರ ಕರಿ. ಅದರ ಮಾಲೀಕ ಬಾಬಣ್ಣ, "ಬಾಲಕ್ಕ ಕೈ ಹಚ್ಚಿದ್ರ ಒದಿತಾಳ್ರಿ. ಆಕಿ ಸುಮ್ಮ ನಿಂತ್ರ ಒಯ್ರಿ" ಎಂದ.

ಸುಮ್ಮನೆ ನಿಲ್ಲಿಸುವ ಕೆಲಸ ನನಗೆ ಬಂತು. "ನೀ ಮುಂದ ನಿಂತು ಕುದರಿ ದನಿ ಮಾಡು. ಆಕಿ ನಿನ್ನ ಮಾತ ಕೇಳತಾ ನಿಲ್ಲತಾಳ, ನಾ ಹಿಂದ ನನ್ನ ಕೆಲಸ ಮಾಡತೀನಿ" ಎಂದರು ಚಾಚಾ. ನಾನು ಜೀವನದಲ್ಲಿ ಕುದುರೆಯ ದನಿ ಮಾಡಿದವನಲ್ಲ. ಕಣ್ಣುಮುಚ್ಚಿ, ಮೂಗು ಅರಳಿಸಿ, ಗಂಟಲಿನಲ್ಲಿ ಏನೋ ಒಂದನ್ನು ಉರುಳಿಸಿದೆ. ಏನು ಹೇಳಿದೆನೋ ದೇವರಿಗೇ ಗೊತ್ತು. ರಾಣಿ ಕಿವಿ ನಿಮಿರಿಸಿದಳು. ಮುಂದೆ ಬಂದು ನನ್ನ ಭುಜದ ಮೇಲೆ ತಲೆ ಇಟ್ಟಳು. ಚಾಚಾ ಹಿಂದಿನಿಂದ ಒಂದೊಂದೇ ಕೂದಲು ಕತ್ತರಿಸುತ್ತಾ, "ಇನ್ನೊಂದ ಸ್ವಲ್ಪ ಮಾತಾಡಪಾ, ಛಲೋ ನಡದೈತಿ" ಎನ್ನುತ್ತಿದ್ದರು.

ಕೆಲಸ ಮುಗಿಯಿತು, ಸಂಬಂಧ ಮುಗಿಯಲಿಲ್ಲ. ಮುಂದಿನ ಮೆರವಣಿಗೆ ನಮ್ಮ ಓಣಿಗೆ ಬಂದಾಗ ರಾಣಿ ನನ್ನ ಅಂಗಡಿಯ ಮುಂದೆ ನಿಂತಳು. ಮೇಲೆ ವರ ಕೂತಿದ್ದಾನೆ, ಬ್ಯಾಂಡಿನವರು ಊದುತ್ತಿದ್ದಾರೆ, ಅವಳು ಕದಲಲೊಲ್ಲಳು. ನಾನು ಹೊರಗೆ ಬಂದು ಕೊರಳು ಸವರಿದ ಮೇಲೆಯೇ ಹೊರಟಳು. ಅದರ ಮುಂದಿನದಕ್ಕೂ ಹಾಗೇ. ಬ್ಯಾಂಡಿನ ಸದ್ದು ಕೇಳಿದರೆ ಓಣಿಯ ಹೆಂಗಸರು "ಮಂಜ್ಯಾನ ಹೇಂತಿ ಬಂದ್ಲು" ಎಂದು ಬಾಗಿಲಿಗೆ ಬರತೊಡಗಿದರು. ಕನ್ಯಾ ಸಿಗದವನಿಗೆ ಕುದುರೆ ಸಿಕ್ಕಿತು ಎಂದು ನಾನೂ ಅವರ ಜೊತೆ ನಕ್ಕೆ. ಅಂಗಡಿಯೊಳಗೆ ಹೋಗಿ ಕನ್ನಡಿಯಲ್ಲಿ ಸುಳಿ ನೋಡಿಕೊಂಡಾಗ ಮಾತ್ರ ಅಷ್ಟಾಗಿ ನಗು ಬರಲಿಲ್ಲ.

ಬಿದಿರಿನ ಸೀಳು, ಕುದುರೆಬಾಲ, ಅಂಟು ಸೇರಿಸಿ ಚಾಚಾ ಟೊಪ್ಪಿಗೆ ಮಾಡಿದರು. ಪರೀಕ್ಷೆಗೆ ನನ್ನದೇ ತಲೆ. ಅದನ್ನು ಹಾಕಿಕೊಂಡು ಬಿಸಿಲಿನಲ್ಲಿ ಕೊಪ್ಪಳದ ತನಕ ಹೋಗಿಬಂದೆ. ಅಷ್ಟಗಲದ ಅಂಚಿದ್ದರೂ ಬಿಸಿಲು ಜರಡಿಯಲ್ಲಿ ಸೋಸಿದಂತೆ ಇಳಿದು ಮುಖದ ಮೇಲೆ ಚೌಕಳಿ ಹಾಸಿತು. ಬಸ್ಸಿನಲ್ಲಿ ಇಬ್ಬರ ಸೀಟಿಗೆ ನಾನೊಬ್ಬನೇ ಆದೆ. ಮೋಟಾರ್‌ಸೈಕಲ್ಲಿನ ಮೇಲೆ ಕೂತರೆ ಗಾಳಿಗೆ ಗಾಳಿಪಟ. ಚಾಚಾ ಎಲ್ಲ ಕೇಳಿಸಿಕೊಂಡು, "ಹಂಗಾರ ಇದು ನಮ್ಮ ದೇಶಕ್ಕ ಹಿಂಗ ನಡ್ಯಂಗಿಲ್ಲ" ಎಂದು ಅದನ್ನು ಮೊಳೆಗೆ ಹಾಕಿದರು. ಅಂಚು ಬಿಟ್ಟರು, ಮಡಕೆ ಬಿಟ್ಟರು. ಹಣೆಯ ಪಟ್ಟಿ, ಜುಟ್ಟಿನ ಕಡ್ಡಿ, ಇವೆರಡನ್ನು ಮಾತ್ರ ಇಟ್ಟುಕೊಂಡರು. ಪಟ್ಟಿಯನ್ನು ಹೆಲ್ಮೆಟ್ಟಿನ ಒಳಗೂ ಹಿಡಿಯುವಷ್ಟು ತೆಳುವಾಗಿ ಹೆಣೆದರು. ಹಳೆಯ ಛತ್ರಿಯ ಕಡ್ಡಿ ಮುರಿದು ತಿಕ್ಕಿ, ತುದಿಗೆ ಯಾವುದೋ ಬಾಸಿಂಗದಿಂದ ಉದುರಿದ ಕೆಂಪು ಮಣಿ ಕೂರಿಸಿ ಜುಟ್ಟಿಗೆ ಚುಚ್ಚಲು ಕೊಟ್ಟರು. ಕೂದಲು ಬಿಟ್ಟಿದ್ದ ಕಾಲೇಜಿನ ಹುಡುಗರು ಮುಗಿಬಿದ್ದರು. ಬೆವರು ಕಣ್ಣಿಗೆ ಇಳಿಯುವುದಿಲ್ಲ, ನೋಡಲು ರಾಜನಂತೆ. ಭಾಗ್ಯನಗರದ ಪಡ್ಡೆಗಳೆಲ್ಲ ಕೊರಿಯಾದ ಮಂತ್ರಿಗಳಾಗಿ ಪಾನ್‌ಬೀಡಾ ಅಂಗಡಿಯ ಮುಂದೆ ನಿಲ್ಲತೊಡಗಿದರು.

ಆಗ ಗಂಗಾವತಿಯಿಂದ ಒಂದು ಸಂಬಂಧ ಬಂತು. ಹುಡುಗಿ ಸವಿತಾ, ಬ್ಯೂಟಿ ಪಾರ್ಲರು ನಡೆಸುತ್ತಿದ್ದಳು. ಫೋಟೋದಲ್ಲಿ ಅವಳು ನಗುತ್ತಿರಲಿಲ್ಲ, ನಗುವುದನ್ನು ತಡೆದುಕೊಂಡಂತಿದ್ದಳು. ಆ ತಡೆದ ನಗು ನೋಡಿ ನನಗೆ ಬೇರೆ ಸಂಬಂಧ ಬೇಡವಾಯಿತು. ಅವ್ವ ಮಾತ್ರ, "ಅಲ್ಲೂ ಬಗ್ಗಸತಾರಲ್ಲೋ" ಎಂದು ತಲೆಗೆ ಕೈಹಚ್ಚಿ ಕೂತಳು. ಕಾಲೇಜಿನ ಹುಡುಗರಂತೆ ನಾನೂ ಕೂದಲು ಉದ್ದ ಬಿಟ್ಟಿದ್ದೆ; ಚಾಚಾನ ಮುಂದೆ ಹೋಗಿ ಅವರು ಕೇಳುವ ಮೊದಲೇ ತಲೆ ತೋರಿಸಿದೆ.

"ಜುಟ್ಟ ಎರಡೂ ಸುಳಿ ಮ್ಯಾಲ ಕುಂದರೂ ಹಂಗ ಕಟ್ಟತೀನಿ. ಬಗ್ಗಿದ್ರೂ ಕಾಣಂಗಿಲ್ಲ" ಎಂದರು.

"ತಲಿ ವಿಷಯದಾಗ ಸುಳ್ಳ ಹೇಳಂಗಿಲ್ಲ ಅಂತಿದ್ರಿ, ಚಾಚಾ."

"ಮುಚ್ಚೋದು ಸುಳ್ಳಲ್ಲ. ಯಾರರ ಕೇಳಿದ್ರ ಖರೇ ಹೇಳತೀನಿ. ಕೇಳಲಿಲ್ಲಂದ್ರ ನಾ ಯಾಕ ಹೇಳಲಿ? ನಡಿ, ನಾನೂ ಬರತೀನಿ. ದಾರ್ಯಾಗ ಬಿಚ್ಚಿದ್ರ ಮತ್ತ ಕಟ್ಟಾಕ ಬೇಕಲ್ಲ."

ಗಂಗಾವತಿಯ ಆ ಮನೆಯಲ್ಲಿ ಎದುರಿಗೆ ಕೂತವರು ಹುಡುಗಿಯ ಸೋದರಮಾವ ಶರಣಪ್ಪ. ಅವರನ್ನು ನೋಡಿದ್ದೇ ಚಾಚಾ, "ಅರೇ, ಬಲಸುಳಿ ದುರ್ಯೋಧನ" ಎಂದರು. ಶರಣಪ್ಪ ಊರ ನಾಟಕದಲ್ಲಿ ವರ್ಷವರ್ಷ ಚಾಚಾನ ಮೀಸೆ ಹಚ್ಚಿಕೊಂಡೇ ತೊಡೆ ತಟ್ಟಿದವರು. ಈ ಮನೆಯಲ್ಲಿ ಚಾಚಾನನ್ನು ಕೇಳುವವರಿದ್ದರು.

"ನಮಸ್ಕಾರ ಮಾಡಪಾ ತಮ್ಮಾ" ಎಂದರು ಶರಣಪ್ಪ. ಬಗ್ಗಿದೆ. ಆಶೀರ್ವಾದದ ಕೈ ಬಂತು, ಜುಟ್ಟಿಗೆ ತಾಗಿ ನಿಂತಿತು. ಎಡಕ್ಕೆ ತಡಕಿತು, ಬಲಕ್ಕೆ ತಡಕಿತು. ಛತ್ರಿಕಡ್ಡಿ ಚುಚ್ಚಿರಬೇಕು, ಹಿಂದಕ್ಕೆ ಹೋಯಿತು. ಅವ್ವ ಉಸಿರು ಬಿಟ್ಟಳು. ನಾನೂ ಬಿಟ್ಟೆ.

ಆಗ ಸವಿತಾ ಚಹಾ ತಂದಳು. ತಟ್ಟೆ ಹಿಡಿದು ನನ್ನ ಹಣೆಯ ಪಟ್ಟಿ ನೋಡಿದಳು, ಜುಟ್ಟು ನೋಡಿದಳು, ಕಡ್ಡಿ ನೋಡಿದಳು. ಚಹಾ ಕೊಡಲಿಲ್ಲ.

"ಮಾಮಾ, ಇವರದು ಮದವಿ ಆಗೈತೇನು?"

ಅವ್ವ, "ಯವ್ವಾ, ಏನಂತ ಮಾತಾಡತಿ?" ಎಂದಳು.

"ಅಲ್ರಿ ಅತ್ತೀ, ನಾ ಕೊರಿಯಾ ಸೀರಿಯಲ್ ನೋಡತೀನಿ. ಅಲ್ಲಿ ಮದವಿ ಆಗದ ಹುಡುಗ್ರು ಜಡಿ ಬಿಟ್ಟಿರತಾರ. ಆದ ಮ್ಯಾಲೇ ಹಿಂಗ ಜುಟ್ಟ ಕಟ್ಟಿ, ಪಟ್ಟಿ ಕಟ್ಟಿ, ಕಡ್ಡಿ ಚುಚ್ಚತಾರ. ಇವರು ಪೂರಾ ಸಂಸಾರಸ್ಥರಂಗ ಬಂದಾರ."

ನಾನು ಚಾಚಾನ ಕಡೆ ನೋಡಿದೆ. ಜೀವನದಲ್ಲಿ ಮೊದಲ ಸಲ ಚಾಚಾ ತಲೆಗಳನ್ನು ಬಿಟ್ಟು ನೆಲ ನೋಡುತ್ತಿದ್ದರು. ಎಷ್ಟೋ ಕಂತು ನೋಡಿದ್ದರೂ ಅವರಿಗೆ ಯಾರಿಗೆ ಯಾರ ಜೊತೆ ಮದುವೆಯಾಯಿತು ಎಂಬುದೇ ಗೊತ್ತಿರಲಿಲ್ಲ.

ಶರಣಪ್ಪ ಕುರ್ಚಿ ಮುಂದಕ್ಕೆಳೆದರು. "ದಾವಲಸಾಬ್ರ, ಕೊರಿಯಾದ್ದ ಬಿಡ್ರಿ. ತಲಿ ವಿಷಯದಾಗ ನಿಮ್ಮ ಮಾತಂದ್ರ ಮಾತು. ಈ ಹುಡುಗಂದು ಸುಳಿ ಎಷ್ಟು?"

ಒಂದು ಎನ್ನಬಹುದಿತ್ತು. ಒಂದೇ ಶಬ್ದ. ನಾನು ಮನಸ್ಸಿನಲ್ಲೇ ಅವರ ದನಿಯಲ್ಲಿ ಅದನ್ನು ಹೇಳಿಯೂ ಬಿಟ್ಟಿದ್ದೆ. ಚಾಚಾ ಟೊಪ್ಪಿಗೆ ಸರಿಮಾಡಿಕೊಂಡು ಹೇಳಿದರು:

"ಎರಡು."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಶರಣಪ್ಪ ಎದ್ದು ನಿಂತರು.

"ಕುಂದರ್ರಿ," ಎಂದರು ಚಾಚಾ, "ಲೆಕ್ಕ ಇನ್ನ ಮುಗದಿಲ್ಲ. ಎರಡ ಸುಳಿಗೆ ಎರಡ ಮದವಿ, ಹೌದಲ್ರಿ? ಒಂದ ಆಗೈತಿ ಅಂತ ನಿಮ್ಮ ಹುಡುಗೀನ ಹೇಳಿದ್ಲು. ಹಂಗಾರ ಇವಂಗ ಉಳದದ್ದ ಒಂದ. ನೀವ ಕೊಟ್ರ ಸುಳಿ ಲೆಕ್ಕ ಚುಕ್ತಾ. ಮುಂದ ಮೂರನೇದಕ್ಕ ತಲಿಯಾಗ ಜಾಗಾ ಇಲ್ಲ."

"ಆಗೈತಿ ಅಂದ್ರ ಯಾರ ಜೋಡಿ ಆಗೈತ್ರಿ?" ಎಂದು ಶರಣಪ್ಪ ಗದರಿದರು.

"ರಾಣಿ ಜೋಡಿ" ಎಂದರು ಚಾಚಾ, ಗಂಭೀರವಾಗಿ. "ಭಾಗ್ಯನಗರದಾಗ ಯಾರನ್ನರ ಕೇಳ್ರಿ. ಬ್ಯಾಂಡ ಹಚ್ಚಿಕೊಂಡ ಇವನ ಬಾಗಲಿಗೆ ಬರತಾಳ. ಇಂವ ಹೊರಗ ಬಂದ ಮಾತಾಡಸೂತನಕ ಹೋಗಂಗಿಲ್ಲ. ಈ ಪಟ್ಟಿ ಆಕೀದ ಬಾಲದ್ದು."

ಇನ್ನು ನಾನು ಬಾಯಿಬಿಡಲೇಬೇಕಾಯಿತು. ಬಿಟ್ಟಾಗ ಬಂದದ್ದು ಮಾತಲ್ಲ, ಕುದುರೆಯ ದನಿ. ಹೆದರಿದಾಗ ನನಗೆ ನನ್ನ ದನಿ ಬರುವುದಿಲ್ಲ. ಸವಿತಾಳ ಕೈಯಲ್ಲಿದ್ದ ತಟ್ಟೆಯ ಕಪ್ಪುಗಳು ಗಲಗಲ ಎಂದವು. ಫೋಟೋದಲ್ಲಿ ತಡೆದಿದ್ದ ನಗು ಅವತ್ತು ಬಿಚ್ಚಿತು. ಅವಳು ನಕ್ಕ ಮೇಲೆ ಶರಣಪ್ಪನೊಳಗಿನ ದುರ್ಯೋಧನ ಬಹಳ ಹೊತ್ತು ನಿಲ್ಲಲಿಲ್ಲ. ಚಹಾ ಬಂತು, ಇನ್ನೂ ಬಿಸಿಯಾಗಿತ್ತು.

ವಾಪಸು ಬಂದ ಕೂಡಲೇ ಚಾಚಾ ಮೊಮ್ಮಗಳನ್ನು ಹಿಡಿದರು. "ಜುಟ್ಟ ಅಂದ್ರ ಮದವಿ ಆದವ ಅಂತ ಯಾಕ ಹೇಳಲಿಲ್ಲ?"

"ನೀವು ಕಥಿ ಎಲ್ಲಿ ಕೇಳತಿದ್ರಿ, ದಾದಾ? ಸಾಯೋರನ್ನೂ ಸಾಯಲಿ ಬಿಡ ಅಂತಿದ್ರಿ" ಎಂದಳು ಶಬಾನಾ.

ಮದುವೆಯ ಮೆರವಣಿಗೆಯಲ್ಲಿ ರಾಣಿಯ ಮೇಲೆ ಕೂತಿದ್ದವನು ನಾನೇ. ನಮ್ಮ ಅಂಗಡಿಯ ಮುಂದೆ ಅವಳು ಪದ್ಧತಿಯಂತೆ ನಿಂತಳು. ಮೇಲೆ ಕೂತವನನ್ನು ಒಳಗೆ ಹುಡುಕಿದಳು, ಕಾಣದೆ ಬಹಳ ಹೊತ್ತು ನಿಂತಳು. ಮರುದಿನ ಚಾಚಾ ನನ್ನನ್ನು ಕೂರಿಸಿಕೊಂಡು ಜುಟ್ಟು ಕಟ್ಟಿದರು. "ಈಗ ಇದು ಖರೇ ಆತು" ಎಂದರು.

ಅದಾದ ಮೇಲೆ ಅವರ ಕೆಮ್ಮು ಹೆಚ್ಚಾಯಿತು. ಕೊಪ್ಪಳದ ಆಸ್ಪತ್ರೆಯಲ್ಲಿ ಮಲಗಿಸಿದಾಗ ನೋಡಲು ಹೋದೆ. ಚಾಚಿ ನನ್ನನ್ನು ಬಾಗಿಲಲ್ಲಿ ಕೂರಿಸಿ ಗುಳಿಗೆ ತರಲು ಹೋದರು. ನರ್ಸು ಬಂದು ತಲೆದಿಂಬು ಸರಿಮಾಡುವಾಗ ಬಿಳಿ ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟಳು. ಚಾಚಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ಎದ್ದು ಹತ್ತಿರ ಹೋಗಿ ಬಾಗಿ ನೋಡಿದೆ. ನೆತ್ತಿಯ ಮೇಲೆ ಬೆಳ್ಳನೆಯ ತೆಳು ಕೂದಲಿನಲ್ಲಿ ಒಂದಲ್ಲ, ಎರಡು.

"ಎಣಿಸಬ್ಯಾಡ" ಎಂದರು, ತಿರುಗದೆಯೇ.

"ಎಣಿಸಿದ್ನಿ ಚಾಚಾ."

"ಚಾಚಿಗೆ ಹೇಳಬ್ಯಾಡ. ನಿಕಾ ಆದಾಗ ಆಕೀಗೆ ಹದಿನೆಂಟು. ಹೆದರತಾಳ ಅಂತ ಟೊಪ್ಪಿಗಿ ತೆಗೀಲಿಲ್ಲ. ಆಮ್ಯಾಲ ತೆಗಿಯಾಕ ಹೆಂಗ ಬರತೈತಿ? ಆಕಿ ಕೇಳಿಲ್ಲ, ನಾ ಹೇಳಿಲ್ಲ."

ನಾನು ಟೊಪ್ಪಿಗೆ ತೊಡಿಸಿದೆ. ಅವರು ನನ್ನ ಕಡೆ ತಿರುಗಿದರು. ಕಣ್ಣು ಹುಬ್ಬಿನಿಂದ ಮೇಲೇರಿ ನೆತ್ತಿಗೆ ಹೋಯಿತು. "ಕಡ್ಡಿ ಸಡಲ ಆಗೈತಿ" ಎಂದರು. ಅದೇ ಕಡೆಯ ಮಾತು. ರಂಜಾನ್ ಚಂದ್ರ ಕಾಣುವ ಮುಂಚೆ ಹೋದರು.

ನಲವತ್ತು ದಿನ ಕಳೆದ ಮೇಲೆ ಅಂಗಡಿಗೆ ಹೋದೆ. ಚಾಚಿ ನೆಲದ ಮೇಲೆ ಕೂತು ಜಟೆಗಳನ್ನು ಬಿಸಿಲಿಗೆ ಹರವುತ್ತಿದ್ದರು. ಅಂಚು ಅಗಲದ ಆ ಮೊದಲ ಟೊಪ್ಪಿಗೆ ಮೊಳೆಯ ಮೇಲೇ ಇತ್ತು. ಏನು ಮಾತಾಡಬೇಕೋ ತಿಳಿಯದೆ, "ಚಾಚಾ ಟೊಪ್ಪಿಗಿ ಇಲ್ಲದ ಒಂದ ದಿನಾನೂ ಇರಲಿಲ್ಲ ನೋಡ್ರಿ" ಎಂದೆ.

"ಎರಡ ಸುಳಿ ಇದ್ದವಲ್ಲ, ಅದಕ್ಕ" ಎಂದರು ಚಾಚಿ, ಜಟೆ ಕೊಡಹುತ್ತಾ.

"ನಿಮಗ ಗೊತ್ತಿತ್ತೇನ್ರಿ?" ಎಂದೆ.

"ನಿಕಾ ಆದ ವಾರದಾಗ ನೋಡೇನಿ. ಮಧ್ಯಾಹ್ನ ಊಟ ಮಾಡಿ ಮಲಗಿದ್ರು, ಟೊಪ್ಪಿಗಿ ಜಾರಿತ್ತು. ಎಣಿಸಿ, ಮತ್ತ ಹಾಕಿದ್ನಿ."

"ಮತ್ತ ಒಂದ ಸಲಾನೂ ಕೇಳಲಿಲ್ಲೇನ್ರಿ?"

"ಕೇಳಿದ್ರ ಖರೇ ಹೇಳತಿದ್ರು, ಪಾಪ" ಎಂದರು ಚಾಚಿ. ಕೈಯಲ್ಲಿದ್ದ ಜಟೆ ಕೆಳಗಿಟ್ಟು, "ಒಮ್ಮೆ ಅವರಂಗ ಮಾತಾಡು. ಬರೇ ತಲೀಲೆ ಬ್ಯಾಡ. ಟೊಪ್ಪಿಗಿ ಹಾಕ್ಕೊ" ಎಂದರು.

ಮೊಳೆಯಿಂದ ಕುದುರೆಬಾಲದ ಟೊಪ್ಪಿಗೆ ತೆಗೆದು ಹಾಕಿಕೊಂಡೆ. ಮೊದಲು ಕೆಮ್ಮಿದೆ. ಆ ಕೆಮ್ಮಿನಲ್ಲಿ ಕೂದಲಿತ್ತು. ಆಮೇಲೆ ಅವರ ದನಿಯಲ್ಲಿ ಕೇಳಿದೆ, "ಎಲ್ಲಿ, ತಲಿ ತೋರಸು."

ಚಾಚಿ ಸೆರಗು ಸರಿಸಿ ತಲೆ ಬಾಗಿಸಿದರು.